ಉಲ್ಟಾ ಸುತ್ತೋ ಫೀಬಿ

ಪ್ರಶ್ನೆ: ಶನಿಯ ಚಂದ್ರಗಳಲ್ಲಿ ಫೀಬಿ ಅನ್ನೋದು ಉಲ್ಟಾ ಸುತ್ತುತ್ತಂತೆ, ಯಾಕೆ? ಬರೀ 213 ಕಿ.ಮೀ. ಅಗಲದ ಚಂದ್ರನ ಮೇಲೆ ವಿಜ್ಞಾನಿಗಳಿಗೆ ಅಷ್ಟೊಂದು ಇಂಟರೆಸ್ಟ್ ಯಾಕೆ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಉಲ್ಟಾ ಸುತ್ತೋದೇ ಅದು ಹೊರಗಿಂದ ಬಂದಿದ್ದು ಅನ್ನೋದಕ್ಕೆ ದೊಡ್ಡ ಸಾಕ್ಷಿ ಕಣಮ್ಮ. ಶನಿ ಜೊತೆಗೇ ಹುಟ್ಟಿದ್ದಾಗಿದ್ರೆ ಟೈಟನ್, ರಿಯಾ ಅನ್ನೋ ಬೇರೆ ಚಂದ್ರಗಳ ಥರ ಶನಿ ತಿರುಗೋ ದಿಕ್ಕಲ್ಲೇ ಸುತ್ತಬೇಕಿತ್ತು. ಇದು ಸುಮಾರು 1.3 ಕೋಟಿ ಕಿ.ಮೀ. ದೂರದಲ್ಲಿ ಎದುರು ದಿಕ್ಕಲ್ಲಿ ಹೋಗುತ್ತೆ, ಒಂದು ಸುತ್ತಿಗೆ ಹೆಚ್ಚುಕಮ್ಮಿ 550 ದಿನ. ಅಂದ್ರೆ ಸೂರ್ಯನ ಸುತ್ತ ತನ್ನ ಪಾಡಿಗೆ ಓಡಾಡ್ಕೊಂಡಿದ್ದದ್ದು ಯಾವಾಗಲೋ ಶನಿಯ ಹಿಡಿತಕ್ಕೆ ಸಿಕ್ಕಾಕೊಂಡಿದೆ, ಬಹುಶಃ ನೆಪ್ಚೂನಿನಾಚೆಯ ಕೈಪರ್ ಬೆಲ್ಟ್ (ಐಸ್ ತುಂಬಿದ ಸಣ್ಣ ಕಾಯಗಳ ಪಟ್ಟಿ) ಕಡೇದು. 2004ರ ಜೂನ್ 11ಕ್ಕೆ ಕ್ಯಾಸಿನಿ ನೌಕೆ 2,068 ಕಿ.ಮೀ. ಹತ್ತಿರದಿಂದ ತೆಗೆದ ಫೋಟೋ ಒಂದ್ಸಲ ನೋಡು, ಮೈಯೆಲ್ಲಾ ಇದ್ದಿಲ ಪುಡಿ ಬಳಿದಂಗೆ ಕಪ್ಪು, ಆದ್ರೆ ಕುಳಿಗಳ ಗೋಡೆ ಜಾರಿದ ಕಡೆಯೆಲ್ಲಾ ಒಳಗಿನ ಐಸ್ ಬೆಳ್ಳಗೆ ಇಣುಕುತ್ತೆ.

ಇನ್ನು ಇಂಟರೆಸ್ಟ್ ವಿಷ್ಯ, ನನಗೆ ತುಂಬಾ ಇಷ್ಟದ ಕಥೆ ಇದು. 1671ರಲ್ಲಿ ಜಿಯೋವನ್ನಿ ಕ್ಯಾಸಿನಿ (ನೌಕೆಗೆ ಇಟ್ಟಿರೋದು ಇವರದೇ ಹೆಸರು) ಶನಿಯ ಇನ್ನೊಂದು ಚಂದ್ರ ಇಯಾಪೆಟಸ್ ಕಂಡುಹಿಡಿದ್ರು. ಅದು ಶನಿಯ ಪಶ್ಚಿಮಕ್ಕಿದ್ದಾಗ ಕಾಣ್ತಿತ್ತು, ಪೂರ್ವಕ್ಕೆ ಹೋದ್ರೆ ಮಾಯ. ಒಂದು ಮುಖ ಕಪ್ಪಿರಬೇಕು ಅಂತ ಅವರೇ ಊಹಿಸಿದ್ರು, ಸರಿಯಾಗೇ ಊಹಿಸಿದ್ರು. ಆ ಕಪ್ಪು ಬಂದಿದ್ದೆಲ್ಲಿಂದ ಅನ್ನೋದಕ್ಕೆ ಗಟ್ಟಿ ಸುಳಿವು ಸಿಕ್ಕಿದ್ದು 2009ರಲ್ಲಿ, ಸ್ಪಿಟ್ಜರ್ ಟೆಲಿಸ್ಕೋಪಿಗೆ ಶನಿ ಸುತ್ತ ಒಂದು ಭಾರೀ ಧೂಳಿನ ಉಂಗುರ ಕಂಡಾಗ. ಫೀಬಿಗೆ ಕಲ್ಲುಗಳು ಬಡಿದು ಎದ್ದ ಧೂಳು ಅದು, ಅದೂ ಫೀಬಿ ಥರಾನೇ ಉಲ್ಟಾ ಸುತ್ತುತ್ತಾ ನಿಧಾನಕ್ಕೆ ಒಳಗಡೆ ಸರೀತಾ ಬಂದು ಇಯಾಪೆಟಸ್‌ಗೆ ಎದುರಾಗುತ್ತೆ, ಇಯಾಪೆಟಸ್‌ದೋ ಯಾವಾಗಲೂ ಒಂದೇ ಮುಖ ಮುಂದೆ, ಮಳೇಲಿ ಸ್ಕೂಟರ್ ಓಡಿಸಿದ್ರೆ ಅಂಗಿಯ ಎದೆ ಭಾಗ ತೊಯ್ದು ತೊಪ್ಪೆಯಾಗುತ್ತಲ್ಲ, ಹಂಗೆ ಆ ಮುಖಕ್ಕೇ ಧೂಳೆಲ್ಲಾ ಮೆತ್ಕೊಳ್ಳುತ್ತೆ. ಧೂಳು ಕೂತ ಕಡೆ ಬಿಸಿಲು ಜಾಸ್ತಿ ಹೀರಿ ಅಲ್ಲಿನ ಐಸ್ ಆವಿಯಾಗಿ ಹಿಂದಿನ ತಣ್ಣನೆ ಮುಖದ ಮೇಲೆ ಹೋಗಿ ಕೂರುತ್ತೆ, ಹಂಗಾಗಿ ಕಪ್ಪು ಇನ್ನೂ ಕಪ್ಪಾಗುತ್ತೆ, ಬಿಳಿ ಇನ್ನೂ ಬಿಳಿಯಾಗುತ್ತೆ.

ಫೀಬಿ ನಮ್ಮ ಸಣ್ಣ ಟೆಲಿಸ್ಕೋಪಿಗೆ ಸಿಗಲ್ಲಮ್ಮ, ತೀರಾ ಮಂಕು. ಅದು ಸಿಕ್ಕಿದ್ದೇ 1898ರಲ್ಲಿ ಪೆರು ದೇಶದಲ್ಲಿ ತೆಗೆದ ಫೋಟೋ ಪ್ಲೇಟುಗಳಲ್ಲಿ, ಮಾರನೇ ವರ್ಷ ವಿಲಿಯಂ ಪಿಕರಿಂಗ್ ಅವನ್ನ ಹೋಲಿಸಿ ನೋಡಿದಾಗ. ಆದ್ರೆ ಇಯಾಪೆಟಸ್ ಆರಿಂಚಿನ ಟೆಲಿಸ್ಕೋಪಲ್ಲಿ ಕಾಣುತ್ತೆ. ಶನಿಯ ಪಶ್ಚಿಮಕ್ಕೆ ಬಂದಾಗ ಒಂದ್ಸಲ ನೋಡು, ಸುಮಾರು 40 ದಿನ ಬಿಟ್ಟು ಪೂರ್ವಕ್ಕೆ ಹೋದಾಗ ಇನ್ನೊಂದ್ಸಲ ಹುಡುಕು, ಎಷ್ಟು ಮಂಕಾಗಿದೆ ಅಂತ ನಿನಗೇ ಗೊತ್ತಾಗುತ್ತೆ.