ಸ್ಟೇನ್‌ಲೆಸ್ ಸ್ಟೀಲ್ ಮಿಲ್ಲಿಂಗ್‌ನಲ್ಲಿ ಕಟರ್ ಯಾಕೆ ಬೇಗ ಸುಟ್ಟುಹೋಗುತ್ತದೆ?

ಕಟರ್ ತಿರುಗುವ ಸ್ಪೀಡ್ ಜಾಸ್ತಿ, ಫೀಡ್ (ಅದು ಲೋಹದೊಳಗೆ ಮುಂದೆ ಸಾಗುವ ವೇಗ) ಕಡಿಮೆ, ಅದಕ್ಕೇ. ಕುಶಾಲನಗರದ ನಿಮ್ಮ ವರ್ಕ್‌ಶಾಪಿನಲ್ಲಿ ಕಾಫಿ ಪಲ್ಪರ್‌ನ 304 ಗ್ರೇಡ್ ಸ್ಟೇನ್‌ಲೆಸ್ ಭಾಗಗಳಿಗೆ 10 ಮಿ.ಮೀ. ವ್ಯಾಸದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್ ಕಟರನ್ನು 1,200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಓಡಿಸುತ್ತಿದ್ದೇನೆ ಎಂದಿದ್ದೀರಿ. 550ರ ಆಸುಪಾಸಿಗೆ ಇಳಿಸಿ. ಅಂದರೆ ಕಟರಿನ ಅಂಚು ನಿಮಿಷಕ್ಕೆ ಸುಮಾರು 17 ಮೀಟರ್ ಸಾಗಬೇಕು.

304 ಶಾಖವನ್ನು ಎಂ.ಎಸ್.ನ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಮೂರನೇ ಒಂದು ಭಾಗದಷ್ಟು ಮಾತ್ರ ಸಾಗಿಸುತ್ತದೆ. ಹಾಗಾಗಿ ಬಿಸಿಯೆಲ್ಲ ಕಟರಿನ ಅಂಚಿನಲ್ಲೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಹಲ್ಲು ಲೋಹವನ್ನು ಕಡಿಯದೆ ಬರೀ ಉಜ್ಜಿದರೆ ಮೇಲ್ಪದರ ಅಲ್ಲೇ ಗಡುಸಾಗುತ್ತದೆ. ಮುಂದಿನ ಹಲ್ಲು ಆ ಗಡಸು ಪದರಕ್ಕೇ ಸಿಕ್ಕಿ ಮೊಂಡಾಗುತ್ತದೆ, ಮೊಂಡಾದಷ್ಟೂ ಹೆಚ್ಚು ಉಜ್ಜುತ್ತದೆ. ಕಟರ್ ಉಳಿಸಲು ಹೆದರಿ ಫೀಡ್ ಇಳಿಸುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿ ಹಲ್ಲಿಗೆ 0.04 ಮಿ.ಮೀ. ಆದರೂ ಕೊಡಿ, ಜಾಬ್ (ಕಡಿಯುತ್ತಿರುವ ತುಂಡು) ಮೇಲೆ ಕಟರ್ ಸುಮ್ಮನೆ ತಿರುಗುತ್ತಾ ನಿಲ್ಲದಿರಲಿ.

ಕೆಲಸ ದಿನವೂ ಇದ್ದರೆ ನಾಲ್ಕು ಹಲ್ಲಿನ, ಟೈಟಾನಿಯಂ ಅಲ್ಯುಮಿನಿಯಂ ನೈಟ್ರೈಡ್ ಲೇಪನದ ಕಾರ್ಬೈಡ್ (ಎಚ್‌ಎಸ್‌ಎಸ್‌ಗಿಂತ ಗಡಸಾದ ವಸ್ತು) ಕಟರ್ ಕೊಳ್ಳಿ. ಅದು ಶಾಖ ತಡೆಯುತ್ತದೆ, ಅದೇ ಅಳತೆಯಲ್ಲಿ 2,200 ಆರ್‌ಪಿಎಂವರೆಗೆ ಓಡಿಸಬಹುದು. ಆದರೆ ಅದಕ್ಕೆ ಅಲುಗಾಡದ ಮೆಷಿನ್ ಬೇಕು. ಹಳೆಯ, ಸಡಿಲ ಬೆಡ್ಡಿನ ಮೆಷಿನ್ನಿನಲ್ಲಿ ಕಾರ್ಬೈಡ್ ಅಂಚು ಚಕ್ಕೆ ಏಳುತ್ತದೆ, ಅಲ್ಲಿ ಕೋಬಾಲ್ಟ್ ಬೆರೆತ ಎಚ್‌ಎಸ್‌ಎಸ್ ವಾಸಿ. ಎಚ್‌ಎಸ್‌ಎಸ್ ಇದ್ದಲ್ಲಿ ಕೂಲೆಂಟ್ (ತಂಪುಗೊಳಿಸುವ ದ್ರವ) ನಿಲ್ಲದೆ ಹರಿಯುತ್ತಿರಲಿ.