ವಾಕಿಟಾಕಿ ಸರಿಯಾಗಿ ಕೇಳಿಸ್ತಿಲ್ವಾ? ಹೊಸ ಸೆಟ್ ತರುವ ಮುಂಚೆ ಇದನ್ನು ಓದಿ

ಹೋಟೆಲ್, ಆಸ್ಪತ್ರೆ, ಗೋದಾಮು, ಕಟ್ಟಡದ ಕೆಲಸ, ಸೆಕ್ಯುರಿಟಿ ಹೀಗೆ ಬೇರೆ ಬೇರೆ ಕಡೆ ದಿನಾ ವಾಕಿಟಾಕಿ ಹಿಡಿದು ಕೆಲಸ ಮಾಡುವವರು ಕಳಿಸಿದ ಪ್ರಶ್ನೆಗಳು ಇವು. ಹೆಚ್ಚಿನವರ ದೂರು ಸೆಟ್ ಮೇಲೆ. ಆದರೆ ತೊಂದರೆ ಇರುವುದು ಬಹುತೇಕ ಬ್ಯಾಟರಿಯಲ್ಲಿ, ಆಂಟೆನಾದಲ್ಲಿ, ಇಲ್ಲವೇ ನಾವು ಮಾತಾಡುವ ರೀತಿಯಲ್ಲಿ. ಈ ಮೂರನ್ನೂ ದುಡ್ಡು ಖರ್ಚು ಮಾಡದೆ ಅಥವಾ ಅಲ್ಪ ಖರ್ಚಿನಲ್ಲಿ ಸರಿ ಮಾಡಿಕೊಳ್ಳಬಹುದು.

ಪ್ರಶ್ನೆ: ಸರ್, ನಾನು ಸೆಕ್ಯುರಿಟಿ ಸೂಪರ್‌ವೈಸರ್. "ಎರಡನೇ ಗೇಟ್ ಮುಚ್ಚಿ" ಅಂತ ಹೇಳಿದರೆ ಆ ಕಡೆ "ಗೇಟ್ ಮುಚ್ಚಿ" ಅಂತಷ್ಟೇ ಕೇಳಿಸುತ್ತದಂತೆ. ಮೊದಲ ಪದ ಯಾವಾಗಲೂ ಹಾರಿಹೋಗುತ್ತದೆ. ಸೆಟ್ ಹಾಳಾಗಿದೆಯಾ?

ಸೆಟ್ ಚೆನ್ನಾಗಿಯೇ ಇದೆ. ನೀವು ಬಟನ್ ಒತ್ತುತ್ತಿರುವಾಗಲೇ ಮಾತು ಶುರು ಮಾಡುತ್ತಿದ್ದೀರಿ, ಅಷ್ಟೇ.

ಪಿಟಿಟಿ (ಪುಶ್ ಟು ಟಾಕ್, ಅಂದರೆ ಒತ್ತಿ ಮಾತಾಡುವ) ಬಟನ್ ಒತ್ತಿದ ಕೂಡಲೇ ನಿಮ್ಮ ದನಿ ಆ ಕಡೆ ತಲುಪುವುದಿಲ್ಲ. ನಿಮ್ಮ ಸೆಟ್ ಕೇಳುವುದನ್ನು ನಿಲ್ಲಿಸಿ ಕಳಿಸುವುದಕ್ಕೆ ತಿರುಗಬೇಕು. ಆ ಕಡೆಯ ಸೆಟ್ ಬ್ಯಾಟರಿ ಉಳಿಸಲು ನಡುನಡುವೆ ನಿದ್ದೆಗೆ ಜಾರಿರುತ್ತದೆ, ಅದು ಎಚ್ಚರವಾಗಬೇಕು. ನಿಮ್ಮ ಗುಂಪಿನ ಟೋನ್, ಅಂದರೆ ಮಾತಿನ ಜೊತೆ ಹೋಗುವ ಗುರುತಿನ ಸದ್ದು, ಬಂದಿದೆಯಾ ಅಂತ ಗುರುತಿಸಿ ಆಮೇಲೆ ಸ್ಪೀಕರ್ ತೆರೆಯಬೇಕು. ನಡುವೆ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಜೋರಾಗಿ ಕಳಿಸುವ ಯಂತ್ರ) ಇದ್ದರೆ ಇನ್ನೂ ಸ್ವಲ್ಪ ತಡ. ಆದ್ದರಿಂದ ಒತ್ತಿ, ಒಂದು ಸೆಕೆಂಡ್ ತಡೆದು, ಆಮೇಲೆ ಮಾತಾಡಿ. ಮುಗಿಸುವಾಗಲೂ ಹಾಗೆಯೇ. ಕೊನೆಯ ಅಕ್ಷರ ಬಾಯಿಂದ ಬಿದ್ದ ಮೇಲೆ ಬಟನ್ ಬಿಡಿ. ಎಷ್ಟೋ ಜನ ಕೊನೆಯ ಪದ ಹೇಳುತ್ತಲೇ ಬೆರಳು ಎತ್ತಿಬಿಡುತ್ತಾರೆ. ನಮ್ಮ ಮಾತಿನಲ್ಲಿ "ತೆಗೀಬೇಡಿ" ಎನ್ನುವುದರ "ಬೇಡಿ" ಕಡೆಗೇ ಬರುತ್ತದೆ ನೋಡಿ. ಅದು ಹೋದರೆ ಅರ್ಥವೇ ತಿರುಗಿಬಿಡುತ್ತದೆ.

ಬಾಯಿಗೂ ಮೈಕಿಗೂ ಸುಮಾರು 5 ಸೆಂ.ಮೀ. ಅಂತರ ಇರಲಿ. ಸೆಟ್ಟನ್ನು ಸ್ವಲ್ಪ ಓರೆ ಹಿಡಿದರೆ ಉಸಿರಿನ ಸದ್ದು ಬೀಳುವುದಿಲ್ಲ. ದಯವಿಟ್ಟು ಕೂಗಬೇಡಿ. ದನಿ ಒಂದು ಮಿತಿ ದಾಟಿದರೆ ಸೆಟ್ ಅದನ್ನು ಕತ್ತರಿಸುತ್ತದೆ. ಕೂಗಿದಷ್ಟೂ ಆ ಕಡೆ ಒಡಕು ದನಿಯೇ ಕೇಳಿಸುತ್ತದೆ, ಜೋರು ದನಿಯಲ್ಲ. ಸುತ್ತ ಗಲಾಟೆ ಇದ್ದರೆ ಮೈಕನ್ನು ಬಾಯಿಗೆ ಹತ್ತಿರ ತಂದು ಮಾಮೂಲಿ ದನಿಯಲ್ಲೇ ಮಾತಾಡಿ. ಗಾಳಿ ಇದ್ದರೆ ಅದಕ್ಕೆ ಬೆನ್ನು ಹಾಕಿ ನಿಲ್ಲಿ.

ಕರೆಯುವಾಗ ಮೊದಲು ಅವರ ಹೆಸರು, ಆಮೇಲೆ ನಿಮ್ಮದು. "ಗೇಟ್ ಎರಡು, ಗೇಟ್ ಎರಡು, ಇದು ಕಂಟ್ರೋಲ್." ಸೊಂಟದಲ್ಲಿ ಸೆಟ್ ಸಿಕ್ಕಿಸಿಕೊಂಡು ಬೇರೆ ಕೆಲಸದಲ್ಲಿರುವವರ ಕಿವಿ ತಮ್ಮ ಹೆಸರು ಕೇಳಿದರೆ ಮಾತ್ರ ನೆಟ್ಟಗಾಗುತ್ತದೆ. ಅವರು "ಹೇಳಿ" ಅಂದ ಮೇಲೆ ವಿಷಯಕ್ಕೆ ಬನ್ನಿ. ಸಂಖ್ಯೆ ಇದ್ದರೆ ಒಂದೊಂದೇ ಅಂಕಿ ಹೇಳಿ, ಅವರಿಂದ ವಾಪಸ್ ಹೇಳಿಸಿ. "ಓವರ್" ಅಂದರೆ ನನ್ನದಾಯಿತು, ನೀವು ಹೇಳಿ ಅಂತ. "ಔಟ್" ಅಂದರೆ ಮಾತು ಮುಗಿಯಿತು, ಉತ್ತರ ಬೇಡ ಅಂತ. ಎರಡನ್ನೂ ಒಟ್ಟಿಗೆ ಹೇಳುವುದು ಸಿನಿಮಾದ ಅಭ್ಯಾಸ. ಕೆಲಸದಲ್ಲಿ ಅದು ಬೇಡ.

ಪ್ರಶ್ನೆ: ಡಬ್ಬದ ಮೇಲೆ ಹತ್ತಾರು ಕಿಲೋಮೀಟರ್ ಅಂತ ಬರೆದಿದ್ದಾರೆ. ನಮ್ಮ ಕಟ್ಟಡದ ನೆಲಮಾಳಿಗೆಯಿಂದ ಮೇಲಿನ ಮಹಡಿಗೇ ಸಿಗುತ್ತಿಲ್ಲ. 2 ವಾಟ್ ಬಿಟ್ಟು 4 ವಾಟ್ ಸೆಟ್ ತಗೊಂಡರೆ ಸರಿಹೋಗುತ್ತಾ?

ಸರಿಹೋಗುವ ಸಾಧ್ಯತೆ ಕಡಿಮೆ. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರ ಕೊಡಬೇಕು, ಯಾಕೆಂದರೆ ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ವಾಕಿಟಾಕಿಯ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯೇ ಉಬ್ಬಿರುವುದರಿಂದ, ಸಪಾಟು ನೆಲದ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ ಸುಮಾರು 5 ಕಿ.ಮೀ. ದೂರದಲ್ಲೇ ನೆಲ ಅಡ್ಡ ಬರುತ್ತದೆ. ಆ ಕಡೆಯವರದ್ದೂ ಅಷ್ಟೇ ಎತ್ತರ ಅಂದರೆ ಇಬ್ಬರದ್ದೂ ಸೇರಿ 10 ಕಿ.ಮೀ. ಅದೂ ನಡುವೆ ಒಂದು ಮರವೂ ಇಲ್ಲದಿದ್ದರೆ. ಡಬ್ಬದ ಮೇಲಿನ ದೊಡ್ಡ ಸಂಖ್ಯೆಗಳು ಬೆಟ್ಟದ ತುದಿಯಿಂದ ಕಣಿವೆಗೆ ಮಾತಾಡಿದಂಥ ಲೆಕ್ಕ. ಕಾಂಕ್ರೀಟ್, ಕಬ್ಬಿಣದ ಸರಳು, ಲಿಫ್ಟ್ ಇರುವ ಕಟ್ಟಡಕ್ಕೆ ಅದು ಸಲ್ಲುವುದಿಲ್ಲ.

ಇನ್ನು ವಾಟ್ ವಿಷಯ. ನೆಲಮಟ್ಟದಲ್ಲಿ, ಅಡೆತಡೆಗಳ ನಡುವೆ, ದೂರ ದುಪ್ಪಟ್ಟಾಗಬೇಕಾದರೆ ಸುಮಾರು 16 ಪಟ್ಟು ಪವರ್ ಬೇಕು. 2 ವಾಟ್ 4 ವಾಟ್ ಆದರೆ ಸಿಗುವ ದೂರ ಹೆಚ್ಚೆಂದರೆ ಐದನೇ ಒಂದು ಭಾಗ ಜಾಸ್ತಿಯಾದೀತು. ಬ್ಯಾಟರಿ ಮಾತ್ರ ಬೇಗ ಬರಿದಾಗುತ್ತದೆ.

ಅದರ ಬದಲು ಇವನ್ನು ಮಾಡಿ ನೋಡಿ. ಸೆಟ್ಟನ್ನು ಸೊಂಟದಿಂದ ತೆಗೆದು ಮುಖದ ಎತ್ತರಕ್ಕೆ ಹಿಡಿಯಿರಿ. ಮೈಗೆ ಅಂಟಿಕೊಂಡಿದ್ದರೆ ಸಿಗ್ನಲ್ಲನ್ನು ನಮ್ಮ ಮೈಯೇ ಹೀರಿಕೊಳ್ಳುತ್ತದೆ. ಆಂಟೆನಾ ನೆಟ್ಟಗೆ ಇರಲಿ. ಸಿಗದಿದ್ದರೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಗೋಡೆಗಳಿಗೆ ಬಡಿದು ಬರುವ ಅಲೆಗಳು ಒಂದು ಜಾಗದಲ್ಲಿ ಒಂದನ್ನೊಂದು ಕಳೆಯುತ್ತವೆ, ಪಕ್ಕದಲ್ಲೇ ಕೂಡುತ್ತವೆ. ಅರ್ಧ ಮೀಟರ್ ಸರಿದರೂ ವ್ಯತ್ಯಾಸ ಕಾಣುತ್ತದೆ. ಕಿಟಕಿ, ಮೆಟ್ಟಿಲು, ರ‍್ಯಾಂಪ್ ಹತ್ತಿರ ಸಿಗುವುದು ಸುಲಭ.

ಆಂಟೆನಾ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಬುಡದಲ್ಲಿ ಸಡಿಲವಾಗಿದೆಯಾ? ರಬ್ಬರ್ ಬಿರುಕು ಬಿಟ್ಟಿದೆಯಾ? ಬೇರೆ ಮಾಡೆಲ್ಲಿನದ್ದನ್ನು ತಿರುಗಿಸಿ ಹಾಕಿದ್ದಾರಾ? ಸೆಟ್ಟಿನ ಬ್ಯಾಂಡಿಗೆ (ಅದು ಕೆಲಸ ಮಾಡುವ ಫ್ರೀಕ್ವೆನ್ಸಿಗಳಿಗೆ) ಹೊಂದದ ಆಂಟೆನಾ ಹೊರಗಿಂದ ನೋಡಲು ಒಂದೇ ಥರ ಇರುತ್ತದೆ, ಆದರೆ ಸಿಗ್ನಲ್ ಹೊರಗೆ ಹೋಗದೆ ಸೆಟ್ ಬಿಸಿಯಾಗುತ್ತದೆ. ಆಂಟೆನಾ ಇಲ್ಲದೆ ಪಿಟಿಟಿ ಒತ್ತಲೇಬೇಡಿ, ಒಳಗಿನ ಟ್ರಾನ್ಸ್‌ಮಿಟರ್ ಸುಟ್ಟುಹೋಗಬಹುದು. ಆಂಟೆನಾ ಹಿಡಿದುಕೊಂಡು ಸೆಟ್ ತೂಗಾಡಿಸುವ ಅಭ್ಯಾಸ ಎಲ್ಲ ಕಡೆ ನೋಡುತ್ತೇನೆ. ದಯವಿಟ್ಟು ಬಿಡಿಸಿ.

ವಿಎಚ್ಎಫ್ ಸೆಟ್ಟುಗಳು 136ರಿಂದ 174 ಮೆಗಾಹರ್ಟ್ಜ್ ಸುತ್ತ ಕೆಲಸ ಮಾಡುತ್ತವೆ, ಬಯಲಿಗೆ ಚೆನ್ನ. ಯುಎಚ್ಎಫ್ 400 ಮೆಗಾಹರ್ಟ್ಜ್‌ಗಿಂತ ಮೇಲೆ. ಅದರ ಅಲೆ ಗಿಡ್ಡ, ಬಾಗಿಲು ಕಿಟಕಿಗಳ ಸಂದಿಯಲ್ಲಿ ನುಸುಳುತ್ತದೆ, ಆದ್ದರಿಂದ ಕಟ್ಟಡದೊಳಗೆ ಅದೇ ಮೇಲು. ಒಂದರಿಂದ ಇನ್ನೊಂದಕ್ಕೆ ಮಾತಾಡಲು ಆಗುವುದಿಲ್ಲ. ಇಷ್ಟೆಲ್ಲ ನೋಡಿದ ಮೇಲೂ ನೆಲಮಾಳಿಗೆ ಸಿಗದಿದ್ದರೆ ಬೇಕಾಗಿರುವುದು ರಿಪೀಟರ್. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಜೋರಾಗಿ ಕಳಿಸುತ್ತದೆ. ದುಡ್ಡು ಹಾಕುವುದಿದ್ದರೆ ಅದಕ್ಕೆ ಹಾಕಿ. ನೆಲಮಾಳಿಗೆಯಲ್ಲೂ ಅದರ ಆಂಟೆನಾ ಬೇಕಾಗಬಹುದು, ಜಾಗ ನೋಡಿಯೇ ಅದನ್ನು ತೀರ್ಮಾನಿಸಬೇಕು.

ಪ್ರಶ್ನೆ: ತಗೊಂಡ ಹೊಸತರಲ್ಲಿ ಇಡೀ ಶಿಫ್ಟ್ ಬರುತ್ತಿದ್ದ ಬ್ಯಾಟರಿ ಈಗ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅಂತ ಒಬ್ಬರು, ಯಾವಾಗಲೂ ಚಾರ್ಜರಿನಲ್ಲೇ ಇಡಿ ಅಂತ ಇನ್ನೊಬ್ಬರು. ಯಾವುದು ಸರಿ ಮೇಡಂ?

ಮೊದಲು ಬ್ಯಾಟರಿಯ ಹಿಂದಿನ ಲೇಬಲ್ ಓದಿ. ಲಿಥಿಯಂ ಅಯಾನ್ ಅಂತ ಇದ್ದರೆ ಪೂರ್ತಿ ಖಾಲಿ ಮಾಡುವ ಅಗತ್ಯವಿಲ್ಲ. ಹಾಗೆ ಮಾಡುತ್ತಾ ಹೋದರೆ ಅದರ ಆಯಸ್ಸೇ ಕಡಿಮೆ. ಆ ಮಾತು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ನಿಕಲ್ ಇರುವಂಥವನ್ನು ಆಗಾಗ ಪೂರ್ತಿ ಇಳಿಸಿ ಏರಿಸುವುದು ಒಳ್ಳೆಯದು. ಈಗಿನ ಬಹುತೇಕ ಸೆಟ್ಟುಗಳಲ್ಲಿ ಲಿಥಿಯಂ ಇರುತ್ತದೆ.

ಯಾವಾಗಲೂ ಚಾರ್ಜರಿನಲ್ಲೇ ಇಡುವುದೂ ಸರಿಯಲ್ಲ. ಲಿಥಿಯಂ ಬ್ಯಾಟರಿಗೆ ತುಂಬಿದ ಸ್ಥಿತಿ ಮತ್ತು ಬಿಸಿ ಎರಡೂ ಒಟ್ಟಿಗೆ ಇದ್ದರೆ ಅದು ಬೇಗ ಮುದಿಯಾಗುತ್ತದೆ. ಶಿಫ್ಟ್ ಮುಗಿದ ಮೇಲೆ ಸೆಟ್ ಆಫ್ ಮಾಡಿ ಚಾರ್ಜಿಗಿಡಿ. ದೀಪ ಹಸಿರಾದ ಮೇಲೆ ರಾತ್ರಿ ಅಲ್ಲೇ ಇದ್ದರೆ ತೊಂದರೆಯಿಲ್ಲ, ಆದರೆ ರಜೆಯ ವಾರಗಟ್ಟಲೆ ಬಿಡಬೇಡಿ. ಬಿಸಿಲಲ್ಲಿ ಕಾದ ಸೆಟ್ಟನ್ನು ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ತಣಿಯಲಿ. ಕೆಲವು ತಿಂಗಳು ಬಳಸದೆ ಇಡುವ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಸೆಟ್ಟಿನಿಂದ ಬಿಚ್ಚಿ, ತಂಪಾದ ಒಣ ಜಾಗದಲ್ಲಿಡಿ.

ಕಂಪನಿ ಹೇಳುವ ಗಂಟೆಗಳ ಲೆಕ್ಕವನ್ನೂ ತಿಳಿದಿರಿ. ಸಾಮಾನ್ಯವಾಗಿ ಅದು 5-5-90 ಲೆಕ್ಕ. ಸಮಯದ 5 ಭಾಗ ಮಾತಾಡುವುದು, 5 ಭಾಗ ಕೇಳುವುದು, ಉಳಿದ 90 ಭಾಗ ಸುಮ್ಮನಿರುವುದು. ಅತಿ ಹೆಚ್ಚು ಕರೆಂಟ್ ಎಳೆಯುವುದು ಮಾತಾಡುವಾಗ. ನಿಮ್ಮ ತಂಡ ದಿನವಿಡೀ ಬಟನ್ ಒತ್ತಿ ಹರಟುತ್ತಿದ್ದರೆ ಆ ಗಂಟೆಗಳು ಬರುವುದಿಲ್ಲ.

ಬ್ಯಾಟರಿ ಬಳಸಲು ಶುರುಮಾಡಿದ ದಿನವನ್ನು ಅದರ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಇದಕ್ಕಿಂತ ಉಪಯೋಗದ ಅಭ್ಯಾಸ ಇನ್ನೊಂದಿಲ್ಲ. ದಿನವೂ ಬಳಸಿದರೆ ಒಂದೂವರೆ, ಎರಡು ವರ್ಷಕ್ಕೆ ಲಿಥಿಯಂ ಬ್ಯಾಟರಿ ದಣಿಯುವುದು ಸಹಜ. ಅದರ ಸಾಮರ್ಥ್ಯ ಹೊಸದಾಗಿದ್ದಾಗಿನ 80 ಶೇಕಡಕ್ಕಿಂತ ಕೆಳಗೆ ಇಳಿದರೆ ಬದಲಿಸಿ. ಅದಕ್ಕೂ ಮುಂಚೆ ಲೋಹದ ಬಿಂದುಗಳನ್ನು, ಬ್ಯಾಟರಿಯದ್ದು ಮತ್ತು ಚಾರ್ಜರಿನದ್ದು ಎರಡನ್ನೂ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಬೆವರಿನ ಪದರ ಕುಳಿತಿದ್ದರೆ ಚಾರ್ಜ್ ಸರಿಯಾಗಿ ಏರಿರುವುದೇ ಇಲ್ಲ. ಬಿಡಿ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ, ಶಾರ್ಟ್ ಆಗಿ ಸುಟ್ಟೀತು. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಬೇಡಿ. ಅದನ್ನು ಕಸದ ಬುಟ್ಟಿಗೂ ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ನಮ್ಮ ಚಾನೆಲ್ಲಿನಲ್ಲಿ ಬೇರೆಯವರ ಮಾತು ಬರುತ್ತಿತ್ತು. ಡೀಲರ್ ಬಂದು ಪ್ರೈವೆಸಿ ಕೋಡ್ ಹಾಕಿಕೊಟ್ಟರು. ಈಗ ಬರುತ್ತಿಲ್ಲ. ಇನ್ನು ನಮ್ಮ ಮಾತೂ ಯಾರಿಗೂ ಕೇಳಿಸುವುದಿಲ್ಲ ಅಲ್ವಾ?

ಕೇಳಿಸುತ್ತದೆ. ಈ ತಪ್ಪು ತಿಳಿವಳಿಕೆ ಅಪಾಯದ್ದು.

ಆ ಕೋಡ್ ಅಂದರೆ ನಿಮ್ಮ ದನಿಯ ಕೆಳಗೆ ಸೇರಿಸುವ ಒಂದು ಸಣ್ಣ ಟೋನ್. 67 ಹರ್ಟ್ಜ್‌ನಿಂದ ಸುಮಾರು 254 ಹರ್ಟ್ಜ್‌ವರೆಗಿನ ಗುಂಯ್‌ ಸದ್ದು, ಸ್ಪೀಕರಿನಲ್ಲಿ ಬರದಂತೆ ಸೋಸಿರುತ್ತಾರೆ. ಅದೇ ಟೋನ್ ಬಂದರೆ ಮಾತ್ರ ನಿಮ್ಮ ಸೆಟ್ ಬಾಯಿ ತೆರೆಯುತ್ತದೆ. ಅಂದರೆ ಬೇರೆಯವರ ಮಾತು ನಿಮಗೆ ಕೇಳದಂತೆ ಆಯಿತೇ ಹೊರತು ನಿಮ್ಮ ಮಾತು ಅವರಿಗೆ ಕೇಳದಂತೆ ಆಗಲಿಲ್ಲ. ಅದೇ ಫ್ರೀಕ್ವೆನ್ಸಿಯಲ್ಲಿ ಕೋಡ್ ಹಾಕದ ಯಾವ ಸೆಟ್ಟಿನಲ್ಲೂ ನಿಮ್ಮ ಪ್ರತಿ ಪದ ಸಿಗುತ್ತದೆ. ಅತಿಥಿಯ ರೂಮ್ ನಂಬರ್, ರೋಗಿಯ ಹೆಸರು, ಕ್ಯಾಶ್ ಸಾಗಿಸುವ ಹೊತ್ತು ಇಂಥವನ್ನು ಸೆಟ್ಟಿನಲ್ಲಿ ಹೇಳಬೇಡಿ. ಗುಟ್ಟು ಕಾಯಲೇಬೇಕಾದರೆ ಎನ್‌ಕ್ರಿಪ್ಶನ್ (ಬೇರೆಯವರಿಗೆ ಅರ್ಥವಾಗದಂತೆ ಮಾತನ್ನು ಬದಲಿಸಿ ಕಳಿಸುವ ವ್ಯವಸ್ಥೆ) ಇರುವ ಡಿಜಿಟಲ್ ಸೆಟ್ ಬೇಕು.

ಇನ್ನೊಂದು ಮಾತು. ಅವರು ಅಲ್ಲಿ ಇನ್ನೂ ಮಾತಾಡುತ್ತಲೇ ಇದ್ದಾರೆ, ನಿಮಗೆ ಕೇಳುತ್ತಿಲ್ಲ ಅಷ್ಟೇ. ನಡುವೆ ನೀವು ಒತ್ತಿದರೆ ಎರಡೂ ಗುಂಪಿನ ಮಾತು ಕೆಡುತ್ತದೆ. ಆದ್ದರಿಂದ ಮೊದಲು ಮಾನಿಟರ್ ಬಟನ್ (ಕೋಡ್ ನೋಡದೆ ಚಾನೆಲ್ಲಿನ ಎಲ್ಲ ಮಾತನ್ನೂ ಕೇಳಿಸುವ ಬಟನ್) ಒತ್ತಿ ಕೇಳಿ, ಖಾಲಿ ಇದ್ದರೆ ಮಾತಾಡಿ. ನಿಮ್ಮಲ್ಲೇ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿ, ಇವರದ್ದು ಅವರಿಗೆ ಕೇಳದಿದ್ದರೆ ಮೊದಲು ಅನುಮಾನಿಸಬೇಕಾದದ್ದೂ ಈ ಕೋಡನ್ನೇ. ಒಂದು ಸೆಟ್ಟಿನಲ್ಲಿ ಕೋಡ್ ಹಾಕಿರುವುದೇ ಇಲ್ಲ, ಇಲ್ಲವೇ ಕಳಿಸುವುದಕ್ಕೊಂದು ಕೇಳುವುದಕ್ಕೊಂದು ಬೇರೆ ಕೋಡ್ ಕೂತಿರುತ್ತದೆ.

ಲೈಸೆನ್ಸ್ ಬಗ್ಗೆ ಚಿಕ್ಕದಾಗಿ: ಫ್ರೀಕ್ವೆನ್ಸಿ ಯಾರು ಬಳಸಬೇಕು ಅನ್ನುವುದನ್ನು ಆಯಾ ದೇಶದ ಸರ್ಕಾರ ತೀರ್ಮಾನಿಸುತ್ತದೆ. ಯುರೋಪಿನಲ್ಲಿ 446 ಮೆಗಾಹರ್ಟ್ಜ್ ಸುತ್ತ ಅರ್ಧ ವಾಟ್ ಸೆಟ್ಟಿಗೆ ಲೈಸೆನ್ಸ್ ಬೇಡ. ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದವರು ಹೆಚ್ಚಾಗಿ ಬಳಸುವುದು 462 ಮತ್ತು 467 ಮೆಗಾಹರ್ಟ್ಜ್ ಸುತ್ತಲಿನ ಚಾನೆಲ್ಲುಗಳು. ಹೊರದೇಶದಿಂದ ತಂದ ಸೆಟ್ಟನ್ನು ಹಾಗೇ ಆನ್ ಮಾಡಿದರೆ ಇನ್ಯಾರದೋ ತುರ್ತು ಸೇವೆಗೆ ಅಡ್ಡ ಬರಬಹುದು. ನಿಮ್ಮ ಲೈಸೆನ್ಸಿನಲ್ಲಿರುವ ಫ್ರೀಕ್ವೆನ್ಸಿ ಮತ್ತು ಪವರನ್ನೇ ಪ್ರೋಗ್ರಾಂ ಮಾಡಿಸಿ.

ಪ್ರಶ್ನೆ: ಸೆಟ್ ಬಕೆಟ್ ನೀರಿಗೆ ಬಿತ್ತು. ವಾಟರ್‌ಪ್ರೂಫ್ ಅಂತ ಹೇಳಿದ್ದರು, ಆದರೂ ದನಿ ಗೊಗ್ಗರಾಗಿದೆ.

ಗಾಬರಿ ಬೇಡ. ಮೈಕ್ ಮತ್ತು ಸ್ಪೀಕರ್ ಜಾಲರಿಯಲ್ಲಿ ನೀರು ನಿಂತರೆ ದನಿ ಹಾಗಾಗುತ್ತದೆ. ಮುಖ ಕೆಳಗೆ ಮಾಡಿ ಕೊಡವಿ. ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಒರೆಸಿ, ನೆರಳಲ್ಲಿ ಒಣಗಿಸಿ. ಹೇರ್ ಡ್ರೈಯರ್ ಬಿಸಿ ಗಾಳಿ ಬೇಡ, ರಬ್ಬರ್ ಸೀಲ್ ಸಡಿಲವಾಗುತ್ತದೆ.

ಲೇಬಲ್ಲಿನಲ್ಲಿ ಐಪಿ ಸಂಖ್ಯೆ ನೋಡಿ. ಐಪಿ54 ಅಂದರೆ ನೀರು ಸಿಡಿದರೆ ತಡೆಯುತ್ತದೆ, ಮುಳುಗಿದರೆ ಇಲ್ಲ. ಐಪಿ67 ಅಂದರೆ 1 ಮೀಟರ್ ಸಿಹಿನೀರಿನಲ್ಲಿ 30 ನಿಮಿಷ. ಅದೂ ಪಕ್ಕದ ಇಯರ್‌ಪೀಸ್ ತೂತಿನ ಮುಚ್ಚಳ ಬಿಗಿಯಾಗಿ ಮುಚ್ಚಿದ್ದರೆ ಮಾತ್ರ. ಆ ರಬ್ಬರ್ ಮುಚ್ಚಳ ಕಿತ್ತುಹೋದ ಸೆಟ್ಟುಗಳೇ ಜಾಸ್ತಿ ಕಾಣುತ್ತವೆ. ಅದನ್ನು ಹಾಕಿಸಿಕೊಳ್ಳಿ.

ತೊಳೆಯುವ ವಿಷಯದಲ್ಲಿ, ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್ ಪ್ಲಾಸ್ಟಿಕ್ಕನ್ನು ಸೀಳಿಸುತ್ತವೆ. ಮೈಕ್ ತೂತಿಗೆ ಪಿನ್ ಚುಚ್ಚಬೇಡಿ, ಒಳಗಿನ ತೆಳು ಪೊರೆ ಹರಿಯುತ್ತದೆ. ಮೆತ್ತನೆ ಬ್ರಷ್ ಬಳಸಿ. ಇಯರ್‌ಪೀಸ್ ಒಬ್ಬರದ್ದು ಒಬ್ಬರಿಗೇ ಇರಲಿ.

ಪ್ರಶ್ನೆ: ನಾವು ಪೇಂಟ್ ಮತ್ತು ಥಿನ್ನರ್ ಇಡುವ ಗೋದಾಮಿನಲ್ಲಿದ್ದೇವೆ. ಮಾಮೂಲಿ ಸೆಟ್ ಬಳಸಬಹುದಾ?

ಹೊತ್ತಿಕೊಳ್ಳುವ ಆವಿ ಇರುವ ಜಾಗ ಅಂತ ಗುರುತಿಸಿದ್ದರೆ ಬಳಸಬಾರದು. ಕಿಡಿ ಏಳದಂತೆ ಕಟ್ಟಿ, ಅದಕ್ಕೆಂದೇ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಸೆಟ್ಟುಗಳು ಬೇರೆಯೇ ಇವೆ. ಸೆಟ್ ಜೊತೆ ಬ್ಯಾಟರಿಗೂ ಆ ಗುರುತು ಇರಬೇಕು. ಸಾದಾ ಬ್ಯಾಟರಿ ಹಾಕಿದರೆ ಪ್ರಮಾಣಪತ್ರಕ್ಕೆ ಅರ್ಥವಿಲ್ಲ. ಅಂಥ ಸೆಟ್ಟನ್ನೂ ಒಳಗೆ ನಿಂತು ಬ್ಯಾಟರಿ ಬದಲಿಸಬೇಡಿ, ಚಾರ್ಜ್ ಮಾಡಬೇಡಿ. ಹೊರಗೆ ಬಂದು ಮಾಡಿ.

ಪ್ರಶ್ನೆ: ಇಬ್ಬರು ಹತ್ತಿರ ನಿಂತು ಮಾತಾಡಿದರೆ ಕೀರಲು ಸದ್ದು ಬರುತ್ತದೆ. ಕೆಲವೊಮ್ಮೆ ಇಡೀ ಚಾನೆಲ್ಲೇ ಸ್ತಬ್ಧವಾಗಿ, ಯಾರೂ ಮಾತಾಡಲು ಆಗುವುದಿಲ್ಲ.

ಮೊದಲನೆಯದು ಸುಲಭ. ಒಂದು ಸೆಟ್ಟಿನ ಸ್ಪೀಕರಿನಿಂದ ಬಂದ ದನಿ ಇನ್ನೊಂದರ ಮೈಕಿಗೆ ಹೋಗಿ ಸುತ್ತುತ್ತದೆ. ಕೆಲವು ಮೀಟರ್ ದೂರ ಹೋಗಿ, ಇಲ್ಲವೇ ವಾಲ್ಯೂಮ್ ಇಳಿಸಿ.

ಎರಡನೆಯದರಲ್ಲಿ ಹೆಚ್ಚಾಗಿ ಯಾರದೋ ಪಿಟಿಟಿ ಸಿಕ್ಕಿಕೊಂಡಿರುತ್ತದೆ. ಸೀಟಿನ ಸಂದಿಯಲ್ಲಿ ಸೆಟ್ ಒತ್ತಿರಬಹುದು, ಬಟನ್ ಸುತ್ತ ಧೂಳು ತುಂಬಿ ಮೇಲೇಳದೇ ಇರಬಹುದು, ಕಾಲರಿನ ಮೈಕಿನ ವೈರ್ ಶಾರ್ಟ್ ಆಗಿರಬಹುದು. ಅವರಿಗೆ ನೀವು ಕೂಗಿ ಹೇಳಿದರೂ ಕೇಳುವುದಿಲ್ಲ, ಯಾಕೆಂದರೆ ಕಳಿಸುತ್ತಿರುವ ಸೆಟ್ಟಿಗೆ ಕೇಳಿಸಿಕೊಳ್ಳಲು ಆಗುವುದಿಲ್ಲ. ಮಿಕ್ಕವರೆಲ್ಲ ಮೊದಲೇ ಮಾತಾಡಿಕೊಂಡ ಬದಲಿ ಚಾನೆಲ್ಲಿಗೆ ಹೋಗಿ, ಒಬ್ಬೊಬ್ಬರ ಹೆಸರು ಕರೆಯಿರಿ. ಉತ್ತರ ಕೊಡದವರ ಹತ್ತಿರ ಆ ಸೆಟ್ ಇದೆ. ಆಮೇಲೆ ಡೀಲರಿಗೆ ಹೇಳಿ ಎಲ್ಲ ಸೆಟ್ಟಿನಲ್ಲೂ ಟೈಮ್-ಔಟ್ ಟೈಮರ್ ಹಾಕಿಸಿ. 60 ಸೆಕೆಂಡಿಗೆ ಇಟ್ಟರೆ, ಅದಕ್ಕಿಂತ ಹೆಚ್ಚು ಹೊತ್ತು ಬಟನ್ ಒತ್ತಿದ್ದರೆ ಸೆಟ್ ತಾನಾಗಿ ಕಳಿಸುವುದನ್ನು ನಿಲ್ಲಿಸುತ್ತದೆ.