ಎಂಟು ತಿಂಗಳ ಮಗುವಿನ ಶೀತಕ್ಕೆ ಜೇನುತುಪ್ಪ ಕೊಡಬಹುದೇ?

ನಮಸ್ಕಾರ. ಎಂಟು ತಿಂಗಳ ಮಗುವಿಗೆ ದೊಡ್ಡಪತ್ರೆ ರಸದಲ್ಲಿ ಜೇನು ಬೆರೆಸಿ ನೆಕ್ಕಿಸಲು ಅತ್ತೆಯವರು ಹೇಳುತ್ತಿದ್ದಾರೆ, ಐದು ವರ್ಷದ ಮಗಳಿಗೆ ಹಬೆ ಹಿಡಿಸಬಹುದೇ ಎಂದೂ ಕೇಳಿದ್ದೀರಿ.

ಚಿಕ್ಕ ಮಗುವಿಗೆ ಜೇನು ಖಂಡಿತ ಬೇಡ. ಶಿರಸಿಯ ಕಾಡುಜೇನು ಎಷ್ಟೇ ಶುದ್ಧವಾಗಿರಲಿ, ಅದರಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಉತ್ಪಾದಿಸಿ ಸ್ನಾಯುಗಳನ್ನು ದುರ್ಬಲಗೊಳಿಸಬಲ್ಲವು, ಮತ್ತು ಮನೆಯಲ್ಲಿ ಕಾಯಿಸಿದ ಮಾತ್ರಕ್ಕೆ ಆ ಬೀಜಾಣುಗಳು ಸಾಯುವುದಿಲ್ಲ. ಮೂಗು ಕಟ್ಟಿದ್ದರೆ ಔಷಧದಂಗಡಿಯ ಉಪ್ಪುನೀರಿನ ಹನಿ ಹಾಕಿ, ಎದೆಹಾಲನ್ನು ಮತ್ತೆ ಮತ್ತೆ ಕುಡಿಸಿ.

ಹಿರಿಯ ಮಗಳ ವಿಷಯದಲ್ಲಿ ಅತ್ತೆಯವರ ಮಾತಿಗೆ ಆಧಾರವಿದೆ. ಮಲಗುವ ಮುನ್ನ ಒಂದು ಚಮಚ ಜೇನು ಕೊಟ್ಟರೆ ರಾತ್ರಿಯ ಕೆಮ್ಮು ಸ್ವಲ್ಪ ತಗ್ಗುತ್ತದೆಂದು ಮಕ್ಕಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಬೆಯ ಪರವಾಗಿ ಅಂತಹ ಗಟ್ಟಿ ಪುರಾವೆಯಿಲ್ಲ, ಕುದಿನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವ ಅಪಾಯವಂತೂ ನಿಜ. ಆದ್ದರಿಂದ ನಾನಾಗಿದ್ದರೆ ಅದನ್ನು ಕೈಬಿಡುತ್ತಿದ್ದೆ. ಕೊತ್ತಂಬರಿ, ಜೀರಿಗೆಯ ತೆಳು ಕಷಾಯ ಶೀತದ ವೈರಾಣುವನ್ನು ಕೊಲ್ಲದಿದ್ದರೂ ಗಂಟಲಿಗೆ ಹಿತ ನೀಡುತ್ತದೆ (ನಮ್ಮ ಮನೆಯಲ್ಲಿ ಶೀತವಿಲ್ಲದಿದ್ದರೂ ಅದು ಕುದಿಯುತ್ತಲೇ ಇರುತ್ತದೆ). ವೈರಾಣುವಿನ ಮೇಲೆ ಆ್ಯಂಟಿಬಯಾಟಿಕ್ ಕೂಡ ಕೆಲಸ ಮಾಡುವುದಿಲ್ಲವಾದ್ದರಿಂದ ಹಳೆಯ ಬಾಟಲಿಯಲ್ಲಿ ಉಳಿದದ್ದನ್ನು ಕೊಡಬೇಡಿ.

ಚಿಕ್ಕ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಪಕ್ಕೆ ಒಳಸೆಳೆಯುತ್ತಿದ್ದರೆ ಅಥವಾ ಹಾಲು ಕುಡಿಯದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.